ಬೀಗದ ಕೈ ಯಾರ ಹತ್ತಿರ? ಕಾಲೇಜುಗಳ ತುರ್ತು ಸಿದ್ಧತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲಕ್ಕೆ ಮುನ್ನ ಕಾಲೇಜುಗಳ ತುರ್ತು ಸಿದ್ಧತೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮುಂಬಯಿ, ಠಾಣೆ, ಡೊಂಬಿವಲಿಯ ಕನ್ನಡಿಗರಿಂದ ಪತ್ರಗಳು ಬಂದಿವೆ. ಪ್ರಾಂಶುಪಾಲರು, ಗುಮಾಸ್ತರು, ಲ್ಯಾಬ್ ಅಟೆಂಡರ್‌ಗಳು, ವಿದ್ಯಾರ್ಥಿಗಳು, ಒಬ್ಬ ತಾಯಿ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು ಅರವತ್ತು ಪುಟಗಳ ವಿಪತ್ತು ನಿರ್ವಹಣಾ ಯೋಜನೆ ಮಾಡಿಸಿದ್ದೆವು. ಅಷ್ಟು ಸಾಕೆ? ಇನ್ನೂ ಏನಾದರೂ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?
(ಉಪಪ್ರಾಂಶುಪಾಲರು, ಕುರ್ಲಾ)

ಸಾಲದು. ಆ ಕಡತ ಕೆಲಸಕ್ಕೆ ಬರುತ್ತದೋ ಇಲ್ಲವೋ ನೋಡಲು ಹೀಗೆ ಯೋಚಿಸಿ. ಪ್ರಾಂಶುಪಾಲರು ಪುಣೆಯಲ್ಲಿ ಸಭೆಯಲ್ಲಿದ್ದಾರೆ, ನೀವು ರಜೆಯಲ್ಲಿದ್ದೀರಿ. ಸಂಜೆ ಐದಕ್ಕೆ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬಿನಿಂದ ಹೊಗೆ ಬರುತ್ತಿದೆ. ಕಟ್ಟಡದಲ್ಲಿ ಉಳಿದಿರುವವರಲ್ಲಿ ಹಿರಿಯರೆಂದರೆ ಗ್ರಂಥಾಲಯದ ಸಹಾಯಕರು. ಅವರು ಯಾರನ್ನೂ ಕೇಳದೆ ಗಂಟೆ ಬಾರಿಸಬಹುದೆ? ಆ ಮಹಡಿಯ ವಿದ್ಯುತ್ ಎಲ್ಲಿ ಕಡಿಯಬೇಕೆಂದು ಅವರಿಗೆ ಗೊತ್ತೆ? ಹಿಂದಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? ಈ ಮೂರಕ್ಕೆ ಅರವತ್ತು ಪುಟಗಳಲ್ಲಿ ಉತ್ತರ ಸಿಗದಿದ್ದರೆ, ಮೊದಲು ಬರೆಯಬೇಕಾದದ್ದು ಒಂದೇ ಒಂದು ಪುಟ.

ಅದರಲ್ಲಿ ಮೊದಲು ಅಧಿಕಾರದ ಸರದಿ ಇರಲಿ. ಹೆಸರು ಹಾಕದೆ ಹುದ್ದೆಯನ್ನೇ ಬರೆದು ನಾಲ್ಕು ಹಂತದವರೆಗೆ ಹೋಗಿ: ಪ್ರಾಂಶುಪಾಲರು, ಉಪಪ್ರಾಂಶುಪಾಲರು, ಆ ಪಾಳಿಯ ಹಿರಿಯ ಅಧ್ಯಾಪಕರು, ಆಗ ಇರುವ ಹಿರಿಯ ಸಿಬ್ಬಂದಿ. ಈ ನಾಲ್ವರಲ್ಲಿ ಯಾರೇ ಆದರೂ ಕಾಲೇಜು ಮುಚ್ಚಬಹುದು, ನಿಗದಿತ ಮೊತ್ತದವರೆಗೆ, ಐವತ್ತು ಸಾವಿರವೆನ್ನಿ, ಖರ್ಚು ಮಾಡಬಹುದು ಎಂದು ಆಡಳಿತ ಮಂಡಳಿ ಠರಾವು ಮಾಡಬೇಕು. ಠರಾವಿಲ್ಲದಿದ್ದರೆ ಆ ಹೊತ್ತಿಗೆ ಎಲ್ಲರೂ ಫೋನ್ ಹಿಡಿದು ಟ್ರಸ್ಟಿಗಳಿಗೆ ಕರೆ ಮಾಡುತ್ತಾ ನಿಲ್ಲುತ್ತಾರೆ. ಗಂಟೆ ಬಾರಿಸುವುದಕ್ಕೂ ಅಗ್ನಿಶಾಮಕ ದಳದ 101 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದಕ್ಕೂ ಯಾರ ಅನುಮತಿಯೂ ಬೇಡ. ಹೊಗೆ ಮೊದಲು ಕಂಡವರು, ವಿದ್ಯಾರ್ಥಿಯಾಗಿದ್ದರೂ ಸರಿ, ಬಾರಿಸಲಿ.

ಆಮೇಲೆ ಬೀಗದ ಕೈಗಳು. ಮೀಟರ್ ಕೋಣೆ, ಟೆರೇಸು, ಹಿಂದಿನ ಗೇಟು, ಪಂಪ್ ಕೋಣೆ, ಜನರೇಟರ್, ರಸಾಯನಗಳ ಸ್ಟೋರು, ಈ ಆರರ ಬೀಗದ ಕೈಗಳಿಗೆ ಸಂಖ್ಯೆ ಬರೆದು ವಾಚ್‌ಮನ್ ಕ್ಯಾಬಿನ್ನಿನಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಎರಡನೇ ಸೆಟ್ ಕಟ್ಟಡದ ಹೊರಗೆ, ಹತ್ತಿರದಲ್ಲೇ ವಾಸವಿರುವ ಸಿಬ್ಬಂದಿಯ ಬಳಿ ಇರಲಿ. ತರಗತಿ ನಡೆಯುವ ಹೊತ್ತಿನಲ್ಲಿ ಎರಡನೇ ಮೆಟ್ಟಿಲಿನ ಬಾಗಿಲಿಗೂ ಹೊರದಾರಿಗೂ ಬೀಗ ಹಾಕಲೇಬಾರದು. ಕಳ್ಳತನದ ಭಯಕ್ಕೆ, ಪರೀಕ್ಷೆಯಲ್ಲಿ ನಕಲಿನ ಭಯಕ್ಕೆ ಹಾಕಿದ ಬೀಗಗಳೇ ಬೆಂಕಿ ಬಿದ್ದಾಗ ಜೀವ ತೆಗೆಯುತ್ತವೆ.

ಇದು ಮೊದಲ ಕೆಲವು ಗಂಟೆಗಳ ಮಾತಾಯಿತು. ಮುಂದಿನ ವಾರಗಳಲ್ಲಿ ಕಾಲೇಜಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಬೇರೆಯೇ ಯೋಜನೆ, ನಿಮ್ಮ ಕಡತದಲ್ಲಿ ಅದು ಇರಲಿಕ್ಕಿಲ್ಲ. ಪ್ರತಿ ವಿಭಾಗದವರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿ: 'ನಾಳೆಯಿಂದ ಹದಿನೈದು ದಿನ ನಿಮ್ಮ ಕೋಣೆ ತೆರೆಯದಿದ್ದರೆ ಮೊದಲು ನಿಲ್ಲುವ ಕೆಲಸ ಯಾವುದು, ಎಷ್ಟು ದಿನ ನಿಂತರೆ ನಷ್ಟ?' ಹಾಸ್ಟೆಲಿನ ಅಡುಗೆ ಒಂದು ಹೊತ್ತೂ ನಿಲ್ಲುವಂತಿಲ್ಲ. ಪರೀಕ್ಷೆ ಆ ದಿನವೇ ನಡೆಯಬೇಕು. ಪ್ರವೇಶಾತಿಗೂ ವಿದ್ಯಾರ್ಥಿವೇತನದ ಅರ್ಜಿಗಳಿಗೂ ಕೊನೆಯ ದಿನಾಂಕ ಇರುತ್ತದೆ. ಸಂಬಳದ ಬಿಲ್ಲು ಒಂದು ವಾರ ತಡೆದೀತು, ಗ್ರಂಥಾಲಯ ಒಂದು ತಿಂಗಳಾದರೂ ತಡೆದೀತು. ಈ ಪಟ್ಟಿ ಸಿಕ್ಕಿದ ಮೇಲೆ ಹಣ, ಜನರೇಟರು, ಬದಲಿ ಕೋಣೆ ಯಾವುದಕ್ಕೆ ಮೊದಲು ಎಂಬ ಚರ್ಚೆ ತಾನಾಗಿ ಮುಗಿಯುತ್ತದೆ. ಬದಲಿ ಜಾಗಕ್ಕೆ ಇನ್ನೊಂದು ಕಾಲೇಜಿನ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ, ಆದರೆ ಪಕ್ಕದ ಗಲ್ಲಿಯ ಕಾಲೇಜಿನ ಜೊತೆ ಬೇಡ. ನಿಮ್ಮಲ್ಲಿ ಮಿಠಿ ನದಿಯ ನೀರು ನುಗ್ಗಿದ ದಿನ ಅಲ್ಲಿಗೂ ನುಗ್ಗಿರುತ್ತದೆ.

ಪ್ರಶ್ನೆ: ಜೋರು ಮಳೆ ಬಂದಾಗ ಮಕ್ಕಳನ್ನು ಯಾವಾಗ ಮನೆಗೆ ಬಿಡಬೇಕು, ಯಾವಾಗ ಹಿಡಿದಿಟ್ಟುಕೊಳ್ಳಬೇಕು? ಪ್ರತಿ ವರ್ಷ ಇದೇ ಗಲಿಬಿಲಿ.
(ಅಧ್ಯಾಪಕಿ, ಘಾಟ್‌ಕೋಪರ್, ಇದೇ ಪ್ರಶ್ನೆ ಸಾಯನ್, ಸಾಂತಾಕ್ರೂಜ್‌ನಿಂದಲೂ)

ಗಲಿಬಿಲಿ ಆಗುವುದು ಮಳೆ ಬಿದ್ದ ಮೇಲೆ ನಿರ್ಧರಿಸಲು ಹೊರಟಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆಯಾಯಿತು, ಅದರ ಬಹುಪಾಲು ಮಧ್ಯಾಹ್ನದಿಂದ ರಾತ್ರಿಯೊಳಗೆ. ಅದೇ ದಿನ ಕೊಲಾಬಾದಲ್ಲಿ 75 ಮಿ.ಮೀ. ಕೂಡ ಆಗಲಿಲ್ಲ. ಫೋರ್ಟಿನ ಕಚೇರಿಯಲ್ಲಿ ಕುಳಿತ ಟ್ರಸ್ಟಿ ಕಿಟಕಿಯಿಂದ ನೋಡಿ 'ಅಷ್ಟೇನಿಲ್ಲವಲ್ಲ' ಎಂದರೆ ಅವರ ಮಟ್ಟಿಗೆ ಅದು ನಿಜವೇ. ಅದಕ್ಕೇ ಮಳೆಯ ನಿರ್ಧಾರ ಕಾಲೇಜಿನಲ್ಲಿ ನಿಂತವರ ಕೈಯಲ್ಲಿರಬೇಕು ಎಂದು ನಾವು ಹಟ ಹಿಡಿಯುವುದು.

ಹಿಂದಿನ ಸಂಜೆಯೇ ಎರಡು ಸಂಗತಿ ನೋಡಿ. ಒಂದು ಹವಾಮಾನ ಇಲಾಖೆಯ ಬಣ್ಣ. ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಎರಡನೆಯದು ಸಮುದ್ರದ ಉಬ್ಬರದ ಸಮಯ. ಮುಂಬಯಿಯ ಮಳೆನೀರಿನ ನಾಲೆಗಳಲ್ಲಿ ಎಷ್ಟೋ ಉಬ್ಬರದ ಮಟ್ಟಕ್ಕಿಂತ ಕೆಳಗೆ ಸಮುದ್ರ ಸೇರುತ್ತವೆ. ಉಬ್ಬರ ಏರಿದಾಗ ನೀರು ಹೊರಹೋಗುವ ಬದಲು ನಾಲೆಯಲ್ಲೇ ನಿಲ್ಲುತ್ತದೆ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಬ್ರಿಟಾನಿಯಾದಂಥ ಪಂಪಿಂಗ್ ಸ್ಟೇಶನ್‌ಗಳನ್ನು ಕಟ್ಟಿದ್ದೇ ಇದಕ್ಕೆ. ಮಳೆಗಾಲದ ದೊಡ್ಡ ಉಬ್ಬರಗಳ ಪಟ್ಟಿ ಪಾಲಿಕೆಯಿಂದ ಮೊದಲೇ ಸಿಗುತ್ತದೆ. 4.5 ಮೀಟರ್ ಮೀರಿದ ದಿನಗಳನ್ನು ಕಾಲೇಜಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಆ ದಿನಗಳಲ್ಲಿ ಆಂತರಿಕ ಪರೀಕ್ಷೆ, ಕೈಗಾರಿಕಾ ಭೇಟಿ ಇಟ್ಟುಕೊಳ್ಳಬೇಡಿ.

ರೆಡ್ ಮತ್ತು ಮಧ್ಯಾಹ್ನದ ದೊಡ್ಡ ಉಬ್ಬರ ಒಂದೇ ದಿನ ಬಿದ್ದರೆ, ಸರ್ಕಾರದ ರಜೆ ಘೋಷಣೆಗೆ ಕಾಯದೆ ಹಿಂದಿನ ರಾತ್ರಿಯೇ ತರಗತಿ ರದ್ದು ಮಾಡುವುದು ಒಳ್ಳೆಯದು. ಬದಲಾಪುರ, ಕಸಾರಾ, ವಿರಾರ್‌ನಿಂದ ಬರುವ ವಿದ್ಯಾರ್ಥಿ ಬೆಳಿಗ್ಗೆ ಆರಕ್ಕೆಲ್ಲ ರೈಲು ಹತ್ತಿರುತ್ತಾನೆ, ಎಂಟು ಗಂಟೆಯ ಸಂದೇಶ ಅವನಿಗೆ ಉಪಯೋಗವಿಲ್ಲ.

ತರಗತಿ ನಡೆಯುತ್ತಿರುವಾಗಲೇ ಮಳೆ ಹಿಡಿದರೆ ಗೇಟಿನ ಕಂಬ ನೋಡಿ ನಿರ್ಧರಿಸಿ. ಕಂಬಕ್ಕೆ ರಸ್ತೆಯ ಮಟ್ಟದಿಂದ 10 ಸೆಂ.ಮೀ.ಗೆ ಹಳದಿ, 15ಕ್ಕೆ ಕೆಂಪು ಪಟ್ಟೆ ಬಳಿಸಿ. ನೀರು ಹಳದಿ ಮುಟ್ಟುವ ಮೊದಲೇ, ಲೋಕಲ್ ಓಡುತ್ತಿದ್ದರೆ, ದೂರದವರು ಮೊದಲು ಹೊರಡಲಿ, ಗುಂಪಾಗಿ, ಒಂದೊಂದು ಗುಂಪಿಗೆ ಒಬ್ಬ ಮುಖಂಡನೊಂದಿಗೆ. ಹಳದಿ ಮತ್ತು ಕೆಂಪಿನ ನಡುವೆ ನೀರಿದ್ದರೆ ನಡೆದುಹೋಗುವಷ್ಟು ಹತ್ತಿರದವರು ಮಾತ್ರ. ಕೆಂಪು ಮುಟ್ಟಿತೋ ರೈಲು ನಿಂತಿತೋ, ಯಾರೂ ಹೊರಡುವಂತಿಲ್ಲ. ಹದಿನೈದು ಸೆಂ.ಮೀ. ಹರಿಯುವ ನೀರು ದೊಡ್ಡವರ ಕಾಲನ್ನೂ ಜಾರಿಸೀತು. ನಿಂತ ನೀರಿನಡಿ ಮ್ಯಾನ್‌ಹೋಲ್ ಕಾಣುವುದಿಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. 'ನಮ್ಮ ಜವಾಬ್ದಾರಿ ಬೇಡ, ಎಲ್ಲರೂ ಹೊರಡಿ' ಎಂದು ಗೇಟು ಮುಚ್ಚುವ ಕಾಲೇಜು ಮಕ್ಕಳನ್ನು ಅಲ್ಲಿಗೇ ತಳ್ಳುತ್ತದೆ.

ಇನ್ನೂರು ಜನ ಒಂದು ರಾತ್ರಿ ಉಳಿಯಬೇಕಾದರೆ ಎಷ್ಟು ಸಾಮಾನು ಬೇಕು? ಕುಡಿಯುವ ನೀರು ತಲೆಗೆ 3 ಲೀಟರಿನಂತೆ 600 ಲೀಟರ್, ಅಂದರೆ 20 ಲೀಟರಿನ 30 ಕ್ಯಾನ್. ಒಲೆ ಹಚ್ಚದೆ ತಿನ್ನುವ ಆಹಾರ: ಬಿಸ್ಕತ್ತು, ಶೇಂಗಾ ಚಿಕ್ಕಿ, ಚೂಡಾ, ತಲೆಗೆ ಮೂರು ಪೊಟ್ಟಣದಂತೆ 600. ಓಆರ್‌ಎಸ್ 50, ಸ್ಯಾನಿಟರಿ ಪ್ಯಾಡ್ 60, ಚಾಪೆ 60 ಇದ್ದರೆ ಪಾಳಿಯಲ್ಲಿ ಮಲಗಬಹುದು. ಟಾರ್ಚ್ 10, ಸೆಲ್‌ಗಳನ್ನು ಒಳಗೆ ಹಾಕಿಡಬೇಡಿ, ಸೋರಿ ಟಾರ್ಚೇ ಕೆಡುತ್ತದೆ. 30 ಮೀಟರ್ ಹಗ್ಗ, ಮೆಗಾಫೋನ್ ಒಂದು. ಎಲ್ಲವೂ ಮೊದಲ ಮಹಡಿ ಅಥವಾ ಅದಕ್ಕೂ ಮೇಲಿರಲಿ. ನೆಲಮಹಡಿಯಲ್ಲಿಟ್ಟ ಸಾಮಾನು ಬೇಕಾದ ಹೊತ್ತಿಗೆ ನೀರಿನಲ್ಲಿರುತ್ತದೆ. ಮಳೆಗಾಲ ಮುಗಿದ ಮೇಲೆ ಆಹಾರವನ್ನು ಎನ್‌ಎಸ್‌ಎಸ್ ಶಿಬಿರಕ್ಕೆ ಕೊಟ್ಟು, ಮೇ ಕೊನೆಗೆ ಹೊಸದು ತನ್ನಿ.

ಎಲ್ಲರೂ ಮರೆಯುವುದು ಶೌಚಾಲಯದ ನೀರು. ನೆಲದಡಿಯ ಟಾಕಿಗೆ ಪ್ರವಾಹದ ನೀರು ಮುಚ್ಚಳದ ಸಂದಿನಿಂದ ನುಗ್ಗಿದರೆ ಇಡೀ ಟಾಕಿ ಹೊಲಸಾಗುತ್ತದೆ, ಪಂಪೂ ಸುಡುತ್ತದೆ. ಮಳೆಯ ಮುನ್ಸೂಚನೆ ಇದ್ದ ದಿನ ಬೆಳಿಗ್ಗೆ ಏಳರೊಳಗೆ ಮೇಲಿನ ಟಾಕಿ ತುಂಬಿಸಿ ಪಂಪಿನ ವಿದ್ಯುತ್ ಕಡಿದುಬಿಡಿ. ನೆಲದ ಟಾಕಿಯ ಬಾಯಿಯನ್ನು ಒಂದೂವರೆ ಅಡಿ ಎತ್ತರಿಸಿ ಕಟ್ಟಿಸುವುದಕ್ಕೆ ಆಗುವ ಖರ್ಚು ಬಹಳ ಕಡಿಮೆ. ನೀರು ಮೀಟರ್ ಕೋಣೆಯ ಹೊಸ್ತಿಲಿಗೆ ಬರುವ ಮೊದಲೇ ಮುಖ್ಯ ಸ್ವಿಚ್ ಆಫ್ ಆಗಬೇಕು. ಕೋಣೆಯಲ್ಲಿ ನೀರು ನಿಂತ ಮೇಲೆ ಒಳಗೆ ಕಾಲಿಟ್ಟು ಆಫ್ ಮಾಡಲು ಯಾರನ್ನೂ ಕಳಿಸಬೇಡಿ, ವಿದ್ಯುತ್ ಕಂಪನಿಗೆ ಫೋನ್ ಮಾಡಿ ಹೊರಗಿನಿಂದ ಕಡಿಸಿ. ನೀರು ಇಳಿದ ಮೇಲೂ ಪರವಾನಗಿ ಇರುವ ಎಲೆಕ್ಟ್ರಿಶಿಯನ್ ಇನ್ಸುಲೇಶನ್ ಪರೀಕ್ಷೆ ಮಾಡಿ ಬರೆದುಕೊಡುವ ತನಕ ಸ್ವಿಚ್ ಮುಟ್ಟಬಾರದು.

ಪ್ರವಾಹದ ನೀರಿನಲ್ಲಿ ನಡೆದವರ ಹೆಸರು ಬರೆದಿಡಿ. ಕಾಲಿಗೆ ಗಾಯವಿರಲಿ, ಇಲ್ಲದಿರಲಿ, ಇಲಿಜ್ವರ ತಡೆಯುವ ಮಾತ್ರೆ ಬೇಕೆ ಎಂದು 72 ಗಂಟೆಯೊಳಗೆ ವೈದ್ಯರನ್ನು ಕಾಣಲು ಹೇಳಬೇಕು. ಪಾಲಿಕೆಯ ದವಾಖಾನೆಗಳಲ್ಲಿ ಈ ಸಲಹೆ ಸಿಗುತ್ತದೆ.

ಪ್ರಶ್ನೆ: ಮಗಳು ದಾದರಿನ ಕಾಲೇಜಿಗೆ ಹೋಗುತ್ತಾಳೆ. ಮಳೆಯಲ್ಲಿ ಫೋನ್ ಸಿಗದಿದ್ದರೆ ಜೀವವೇ ಬಾಯಿಗೆ ಬರುತ್ತದೆ. ನಾವೇನು ಮಾಡಬೇಕು?
(ಒಬ್ಬ ತಾಯಿ, ಮುಲುಂಡ್)

ಅಮ್ಮಾ, ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು, ಮಗಳಿಗೂ ಅದನ್ನೇ ಹೇಳಿಕೊಡಿ. ಮುಂಬಯಿಯ ಹೊರಗೆ, ಊರಿನಲ್ಲಿರುವ ಒಬ್ಬ ಹತ್ತಿರದವರನ್ನು ಕೇಂದ್ರವಾಗಿಟ್ಟುಕೊಳ್ಳಿ. ನೀವಿಬ್ಬರೂ ಅವರಿಗೆ ಸುದ್ದಿ ಮುಟ್ಟಿಸಿದರೆ, ಒಬ್ಬರದು ಇನ್ನೊಬ್ಬರಿಗೆ ತಲುಪುತ್ತದೆ. ದಾದರ್, ಸಾಯನ್, ಘಾಟ್‌ಕೋಪರ್ ನಡುವೆ ನಡೆದು ತಲುಪಬಹುದಾದ ಎರಡು ಪರಿಚಿತ ಮನೆಗಳ ವಿಳಾಸವನ್ನು ಅವಳು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. 'ಹೇಗಾದರೂ ಮಾಡಿ ಮನೆಗೆ ಬಾ' ಎಂದು ಮಾತ್ರ ಹೇಳಬೇಡಿ. ಕಾಲೇಜಿನವರು ಉಳಿಸಿಕೊಂಡಿದ್ದರೆ ಅಲ್ಲೇ ಇರಲಿ.

ಪ್ರಶ್ನೆ: ನಮ್ಮದು ರಾತ್ರಿ ಕಾಲೇಜು. ಕಟ್ಟಡ ಹಗಲಿನವರದು. ಹೋಟೆಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು ಬರುವ ಹುಡುಗರು. ಅಗ್ನಿ ಅಣಕು ಅಭ್ಯಾಸ ಹಗಲಿನವರು ಮಾಡಿ ಮುಗಿಸುತ್ತಾರೆ. ನಮಗೂ ಬೇಕೆ?
(ಕಚೇರಿ ಅಧೀಕ್ಷಕರು, ಫೋರ್ಟ್)

ನಿಮಗೇ ಹೆಚ್ಚು ಬೇಕು. ರಾತ್ರಿ ಎಂಟೂವರೆಗೆ ಲಿಫ್ಟ್‌ಮನ್ ಇರುವುದಿಲ್ಲ, ಎಲೆಕ್ಟ್ರಿಶಿಯನ್ ಹೊರಟಿರುತ್ತಾನೆ, ಅರ್ಧ ಕಾರಿಡಾರುಗಳಿಗೆ ದೀಪವಿಲ್ಲ, ಹಿಂದಿನ ಮೆಟ್ಟಿಲಿಗೆ ಬೀಗ. ಹಗಲಿನ ಆಡಳಿತದ ಜೊತೆ ಬರೆದುಕೊಳ್ಳುವ ಕರಾರಿನಲ್ಲಿ ಬಾಡಿಗೆಯ ಮಾತಿನ ಜೊತೆಗೆ ಇದೂ ಬರಲಿ: ಎರಡೂ ಮೆಟ್ಟಿಲು ತೆರೆದಿರಬೇಕು, ಬೀಗದ ಕೈ ಪೆಟ್ಟಿಗೆ ನಿಮಗೂ ಸಿಗಬೇಕು, ಜನರೇಟರ್ ಚಾಲೂ ಮಾಡಲು ನಿಮ್ಮ ಒಬ್ಬರಿಗೆ ತರಬೇತಿ ಆಗಬೇಕು.

ಅಭ್ಯಾಸವನ್ನು ಸೆಮಿಸ್ಟರಿಗೆ ಒಮ್ಮೆಯಾದರೂ ರಾತ್ರಿಯೇ ಮಾಡಿ, ಮುಖ್ಯ ದೀಪ ಆರಿಸಿ. ಒಂದು ಮೆಟ್ಟಿಲಿನ ತಲೆಯಲ್ಲಿ ಒಬ್ಬರನ್ನು ನಿಲ್ಲಿಸಿ 'ಇಲ್ಲಿ ಹೊಗೆ ಇದೆ' ಎಂದು ಹೇಳಿಸಿ. ಆಗ ಎಲ್ಲರೂ ಎರಡನೇ ದಾರಿ ಹುಡುಕಬೇಕಾಗುತ್ತದೆ, ಕಲಿಯಬೇಕಾದ್ದೂ ಅದೇ. ಗಂಟೆ ಬಾರಿಸಿದ್ದರಿಂದ ಕೊನೆಯವರು ಹೊರಬರುವವರೆಗಿನ ಸಮಯ ಬರೆದಿಡಿ. ಮುಂದಿನ ಸಲ ಅದಕ್ಕಿಂತ ಕಡಿಮೆಯಾಗಬೇಕು. ಹೊರಗೆ ಸೇರುವ ಜಾಗ ಕಟ್ಟಡದ ಬುಡದ ಪಾರ್ಕಿಂಗ್ ಆಗಿರುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಒಡೆದ ಗಾಜು ಬೀಳುವುದೂ ಅಲ್ಲೇ, ಅಗ್ನಿಶಾಮಕ ವಾಹನ ನಿಲ್ಲಬೇಕಾದ್ದೂ ಅಲ್ಲೇ. ಕಟ್ಟಡದ ಎತ್ತರದಷ್ಟಾದರೂ ದೂರ ಹೋಗಿ. ನಡೆಯಲು ಕಷ್ಟವಿರುವ ವಿದ್ಯಾರ್ಥಿಗೆ ಇಬ್ಬರು ಜೊತೆಗಾರರನ್ನು ಹೆಸರಿಟ್ಟು ನೇಮಿಸಿ. ಒಬ್ಬರು ಗೈರಾದರೂ ಇನ್ನೊಬ್ಬರು ಇರುತ್ತಾರೆ. ಅಂಥ ವಿದ್ಯಾರ್ಥಿಯ ತರಗತಿಯನ್ನು ನೆಲಮಹಡಿಗೆ ತರುವುದು ಎಲ್ಲಕ್ಕಿಂತ ಸುಲಭ.

ಪ್ರಶ್ನೆ: ನಮ್ಮ ಕಾಲೇಜು ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಹತ್ತಿರ. ಕಾರ್ಖಾನೆಯಲ್ಲಿ ಸ್ಫೋಟವೋ ಗ್ಯಾಸ್ ಸೋರಿಕೆಯೋ ಆದರೆ ಬೆಂಕಿ ಬಿದ್ದಾಗ ಓಡುವಂತೆ ಹೊರಗೆ ಓಡಬೇಕೆ? ಲ್ಯಾಬಿನ ರಸಾಯನಗಳನ್ನೂ ಹೇಗಿಡಬೇಕು ತಿಳಿಸಿ.
(ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್, ಡೊಂಬಿವಲಿ)

ಗ್ಯಾಸ್ ಹೊರಗಿದ್ದರೆ ಒಳಗಿರಬೇಕು. ಬೆಂಕಿ ಒಳಗಿದ್ದರೆ ಹೊರಗೋಡಬೇಕು. ಎರಡಕ್ಕೂ ಒಂದೇ ಗಂಟೆ, ಅದೂ ಪಿರಿಯಡ್ ಮುಗಿದಾಗ ಹೊಡೆಯುವ ಗಂಟೆಯೇ ಆದರೆ ಮಕ್ಕಳು ವಿಷಗಾಳಿಯೊಳಕ್ಕೆ ಓಡುತ್ತಾರೆ. ಎಡೆಬಿಡದ ಗಂಟೆ ಎಂದರೆ ಹೊರಗೆ, ನಿಲ್ಲಿಸಿ ನಿಲ್ಲಿಸಿ ಬಾರಿಸಿದರೆ ಒಳಗೆ ಎಂದು ಗೊತ್ತುಮಾಡಿ ಪ್ರತಿ ತರಗತಿಯ ಬಾಗಿಲಿಗೂ ಅಂಟಿಸಿ. ಕರೆಂಟ್ ಹೋದರೆ ವಿದ್ಯುತ್ ಗಂಟೆ ಸತ್ತಂತೆ, ಆದ್ದರಿಂದ ಕೈಯಲ್ಲಿ ತಿರುಗಿಸುವ ಸೈರನ್ ಅಥವಾ ಹಿತ್ತಾಳೆಯ ಗಂಟೆ ಇರಲೇಬೇಕು.

2016ರ ಮೇ 26 ಮತ್ತು 2024ರ ಮೇ 23ರ ಸ್ಫೋಟಗಳಲ್ಲಿ ನಿಮ್ಮ ಊರಿನಲ್ಲಿ ದೂರದ ಕಟ್ಟಡಗಳ ಗಾಜುಗಳೂ ಪುಡಿಯಾದವು. ಬೆಳಕು ಕಂಡು, ಶಬ್ದ ಬರುವುದಕ್ಕೆ ಮುನ್ನ, ಜನ ಕಿಟಕಿಯ ಬಳಿ ಹೋಗುತ್ತಾರೆ. ಒತ್ತಡದ ಅಲೆ ಬರುವುದು ಆಗಲೇ. ಮಿಂಚಿನಂಥ ಬೆಳಕು ಕಂಡರೆ ಬೆಂಚಿನ ಕೆಳಗೆ ಹೋಗುವುದನ್ನು ಅಭ್ಯಾಸ ಮಾಡಿಸಿ.

ಗ್ಯಾಸ್ ಸೋರಿಕೆಯ ಸೂಚನೆ ಬಂದರೆ ಕಿಟಕಿ ಮುಚ್ಚಿ, ಎಸಿ, ಎಕ್ಸಾಸ್ಟ್ ಫ್ಯಾನ್ ಆರಿಸಿ. ಲ್ಯಾಬಿನ ಫ್ಯೂಮ್ ಕಬೋರ್ಡ್ (ಪ್ರಯೋಗದ ಹೊಗೆ ಹೊರಹಾಕುವ ಫ್ಯಾನಿನ ಕಪಾಟು) ಆರಿಸುವುದನ್ನು ಮರೆಯಬೇಡಿ. ಅದು ಒಳಗಿನ ಗಾಳಿಯನ್ನು ಹೊರಗೆ ಎಳೆದಷ್ಟೂ ಸಂದುಗೊಂದಿನಿಂದ ಹೊರಗಿನದು ಒಳಗೆ ಬರುತ್ತದೆ. ಬಾಗಿಲಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಆದ್ದರಿಂದ ಮೇಲಿನ ಮಹಡಿಗೆ ಹೋಗಬೇಕು. ಅಮೋನಿಯಾ ನೀರಿನಲ್ಲಿ ಕರಗುತ್ತದೆ, ಮೂಗಿಗೆ ಒದ್ದೆ ಬಟ್ಟೆ ಹಿಡಿದರೆ ಅಷ್ಟರ ಮಟ್ಟಿಗೆ ತಡೆಯುತ್ತದೆ. ಹೊರಗೆ ಹೋಗಲೇಬೇಕಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆಯಿರಿ. ಅಗ್ನಿಶಾಮಕ ದಳ ಸರಿಯಾಯಿತು ಎಂದ ಮೇಲೆ ಎಲ್ಲ ಕಿಟಕಿ ತೆರೆದು ಎಲ್ಲರೂ ಹೊರಬನ್ನಿ, ಒಳಗೆ ಸೇರಿದ ಗಾಳಿ ಹೋಗಬೇಕು. 1916 ಮುಂಬಯಿ ಪಾಲಿಕೆಯ ವಿಪತ್ತು ಸಂಖ್ಯೆ. ನೀವು ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿದವರು, ಅಲ್ಲಿನ ಅಗ್ನಿಶಾಮಕ ಠಾಣೆಯ ನೇರ ಸಂಖ್ಯೆ ಗೋಡೆಯ ಮೇಲಿರಲಿ. ಆಂಬುಲೆನ್ಸಿಗೆ 108.

ರಸಾಯನಗಳ ವಿಷಯದಲ್ಲಿ ಒಂದು ತೊಡಕಿದೆ. ಆಮ್ಲದ ದೊಡ್ಡ ಬಾಟಲಿಗಳು ಕೆಳಗಿನ ತಟ್ಟೆಯಲ್ಲಿರಬೇಕು, ಎತ್ತರದಿಂದ ಬಿದ್ದು ಒಡೆಯಬಾರದು. ಆದರೆ ನೆಲಮಹಡಿಯ ಸ್ಟೋರಿನಲ್ಲಿ ಕೆಳಗಿನ ತಟ್ಟೆಗೇ ಮೊದಲು ಮಳೆನೀರು ಬರುವುದು. ಸ್ಟೋರನ್ನೇ ಮೊದಲ ಮಹಡಿಗೆ ಒಯ್ಯುವುದು ಇದಕ್ಕೆ ಸರಿಯಾದ ಪರಿಹಾರ. ಕೂಡಲೇ ಆಗದಿದ್ದರೆ ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಶಿಯಂ ಕಾರ್ಬೈಡನ್ನಾದರೂ ಮೇ ತಿಂಗಳಲ್ಲಿ ಮೇಲೆ ಸಾಗಿಸಿ. ಮೊದಲೆರಡು ನೀರು ತಾಗಿದರೆ ಹೈಡ್ರೋಜನ್ ಬಿಟ್ಟು ಉರಿಯುತ್ತವೆ, ಮೂರನೆಯದು ಅಸಿಟಿಲೀನ್ ಬಿಡುತ್ತದೆ. ನೈಟ್ರಿಕ್ ಆಮ್ಲವನ್ನು ಅಸಿಟಿಕ್ ಆಮ್ಲದ, ಆಲ್ಕೋಹಾಲ್, ಅಸಿಟೋನಿನ ಪಕ್ಕ ಇಡಬೇಡಿ. ಬ್ಲೀಚಿಂಗ್ ಪೌಡರ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಕ್ಲೋರಿನ್ ಏಳುತ್ತದೆ. ಶೌಚಾಲಯ ತೊಳೆಯುವವರಿಗೂ ಇದನ್ನು ಹೇಳಿಕೊಡಿ. ಸ್ಟೋರಿನ ಪಟ್ಟಿಯ ಒಂದು ಪ್ರತಿ ಗೇಟಿನಲ್ಲಿರಲಿ, ಅಗ್ನಿಶಾಮಕದವರು ಬಂದ ಕೂಡಲೇ ಕೇಳುವುದು ಅದನ್ನೇ.

ಸೋಡಿಯಂಗೆ ಬೆಂಕಿ ಹತ್ತಿದರೆ ಒಣ ಮರಳು ಮಾತ್ರ. ನೀರೂ ಬೇಡ, ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರೂ ಬೇಡ. ಕಂಪ್ಯೂಟರ್ ಲ್ಯಾಬಿಗೆ ಕಾರ್ಬನ್ ಡೈ ಆಕ್ಸೈಡ್ ಸರಿ, ಎಬಿಸಿ ಸಿಲಿಂಡರಿನ ಒಣ ಪುಡಿ ಬೆಂಕಿ ಆರಿಸಿದರೂ ಉಳಿದ ಯಂತ್ರಗಳನ್ನು ಹಾಳುಮಾಡುತ್ತದೆ. ಎಬಿಸಿ ಸಿಲಿಂಡರಿನಲ್ಲಿ ಒತ್ತಡ ಸರಿಯಿದೆಯೇ ಎಂಬುದು ಅದರ ಮುಳ್ಳು ಹಸಿರಿನಲ್ಲಿದೆಯೇ ನೋಡಿದರೆ ಗೊತ್ತಾಗುತ್ತದೆ. ಕಾರ್ಬನ್ ಡೈ ಆಕ್ಸೈಡಿನದಕ್ಕೆ ಮುಳ್ಳೇ ಇಲ್ಲ, ತೂಗಿ ನೋಡಬೇಕು. ಗ್ಯಾಸಿನ ತೂಕ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ ತುಂಬಿಸಿ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯಂತೆ ಪರವಾನಗಿ ಹೊಂದಿದ ಏಜೆನ್ಸಿಯಿಂದ ಜನವರಿ, ಜುಲೈಗೊಮ್ಮೆ ಅಗ್ನಿಶಾಮಕ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ 'ಬಿ' ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕು. ಏಜೆನ್ಸಿಯವರು ಬಂದಾಗ ಜೊತೆಗೆ ನಿಂತು ಒಂದು ಸಿಲಿಂಡರನ್ನಾದರೂ ನಿಮ್ಮ ಮುಂದೆಯೇ ಹೊಡೆಸಿ ನೋಡಿ.

ಪ್ರಶ್ನೆ: ಪ್ರಶ್ನೆಪತ್ರಿಕೆ ಆನ್‌ಲೈನ್‌ನಲ್ಲಿ ಬರುತ್ತದೆ, ಇಲ್ಲೇ ಮುದ್ರಿಸಿ ಹಂಚಬೇಕು. ಆಗ ಕರೆಂಟ್ ಹೋದರೆ? ಇನ್‌ವರ್ಟರ್ ಇದೆ.
(ಪರೀಕ್ಷಾ ವಿಭಾಗ, ಅಂಧೇರಿ)

ಇನ್‌ವರ್ಟರ್ ನಿಮ್ಮ ಕಂಪ್ಯೂಟರನ್ನೂ ರೌಟರನ್ನೂ ನಡೆಸೀತು, ಝೆರಾಕ್ಸ್ ಯಂತ್ರವನ್ನಲ್ಲ. ಕಾಗದಕ್ಕೆ ಶಾಯಿ ಅಂಟಿಸುವ ಬಿಸಿ ರೋಲರಿನಿಂದಾಗಿ ದೊಡ್ಡ ಯಂತ್ರ ಒಂದೂವರೆ ಎರಡು ಕಿಲೋವ್ಯಾಟ್ ಎಳೆಯುತ್ತದೆ, ಸಣ್ಣ ಇನ್‌ವರ್ಟರ್ ಆ ಹೊಡೆತಕ್ಕೆ ಟ್ರಿಪ್ ಆಗುತ್ತದೆ. ಲೆಕ್ಕ ಹಾಕಿ: 480 ವಿದ್ಯಾರ್ಥಿಗಳು, ನಾಲ್ಕು ಪುಟದ ಪತ್ರಿಕೆ, ಎಂದರೆ 1,920 ಮುದ್ರಣ. ನಿಮಿಷಕ್ಕೆ 45 ತೆಗೆಯುವ ಒಂದು ಯಂತ್ರಕ್ಕೆ 43 ನಿಮಿಷ, ಎರಡಿದ್ದರೆ 22. ಒಂದೇ ಯಂತ್ರ ಇಟ್ಟುಕೊಂಡು ಕಾಗದ ಸಿಕ್ಕಿಬಿದ್ದರೆ, ಕರೆಂಟ್ ಇದ್ದರೂ ಪರೀಕ್ಷೆ ತಡವಾಗುತ್ತದೆ.

15 ಕೆವಿಎ ಜನರೇಟರ್ ಎರಡು ಯಂತ್ರ, ಕಂಪ್ಯೂಟರ್, ಇಂಟರ್‌ನೆಟ್, ಸಿಸಿಟಿವಿ, ಕೆಲವು ಹಾಲುಗಳ ದೀಪಕ್ಕೆ ಸಾಕು. ಮುಕ್ಕಾಲು ಹೊರೆಯಲ್ಲಿ ಗಂಟೆಗೆ ಸುಮಾರು ಮೂರು ಮೂರೂವರೆ ಲೀಟರ್ ಡೀಸೆಲ್. ಪರೀಕ್ಷೆಯ ವಾರಕ್ಕೆ ಎಂಟು ಗಂಟೆಯಷ್ಟು ತುಂಬಿಸಿಡಿ. ಜನರೇಟರ್ ಬೇಕಾದಾಗ ಏಳದಿರುವುದಕ್ಕೆ ಕಾರಣ ಹೆಚ್ಚಾಗಿ ಎಂಜಿನ್ ಅಲ್ಲ, ಸ್ಟಾರ್ಟರ್ ಬ್ಯಾಟರಿ. ತಿಂಗಳಿಗೊಮ್ಮೆ ಅರ್ಧ ಗಂಟೆ, ನಿಜವಾದ ಹೊರೆ ಕೊಟ್ಟು ಓಡಿಸಿ. ಹೊರೆಯಿಲ್ಲದೆ ಬರಿದೇ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಹೊರೆಯನ್ನು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಕೆಟ್ಟಿದ್ದೂ ಗೊತ್ತಾಗುವುದಿಲ್ಲ.

2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೆಟ್ಟು ಮುಂಬಯಿಯ ಬಹುಭಾಗ ಕತ್ತಲಾದಾಗ ಲೋಕಲ್‌ಗಳೂ ನಿಂತವು, ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಮುಂದೂಡಬೇಕಾಯಿತು. ನಿಮ್ಮಲ್ಲಿ ಜನರೇಟರ್ ಇದ್ದರೂ ವಿದ್ಯಾರ್ಥಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಆದ್ದರಿಂದ ತಡವಾಗಿ ಬಂದವರ ಹೆಸರು, ಬಂದ ಸಮಯ, ರೈಲು ನಿಂತ ಕಾರಣ ದಾಖಲಿಸಿ ಆ ದಿನವೇ ವಿಶ್ವವಿದ್ಯಾಲಯಕ್ಕೆ ಕಳಿಸುವ ಒಂದು ನಮೂನೆ ಸಿದ್ಧವಿರಲಿ. ಮರುಪರೀಕ್ಷೆಗೆ ಅವರ ಕೈಯಲ್ಲಿರುವ ಆಧಾರ ಅದೊಂದೇ. ಇಂಟರ್‌ನೆಟ್ಟಿಗೆ ಎರಡು ಕಂಪನಿ ಇದ್ದರಷ್ಟೇ ಸಾಲದು, ಎರಡರ ಕೇಬಲ್ಲೂ ಒಂದೇ ಕಂಬದಿಂದ ಒಳಗೆ ಬರುತ್ತಿದೆಯೇ ನೋಡಿ.

ಪ್ರಶ್ನೆ: ಕಾಲೇಜಿನ ಡೇಟಾ ಎಲ್ಲ ಸರ್ವರಿನಲ್ಲಿದೆ, ದಿನವೂ ಬ್ಯಾಕಪ್ ಆಗುತ್ತದೆ. ಇನ್ನೇನು ಬೇಕು?
(ಹೆಡ್ ಕ್ಲಾರ್ಕ್, ವಾಶಿ)

ಬ್ಯಾಕಪ್ ಅದೇ ಕೋಣೆಯ ಇನ್ನೊಂದು ಡಿಸ್ಕಿಗೆ ಆಗುತ್ತಿದ್ದರೆ ಬೆಂಕಿಗೂ ನೀರಿಗೂ ಎರಡೂ ಒಟ್ಟಿಗೆ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಕಟ್ಟಡದ ಹೊರಗೆ. ಹಾಗೆಯೇ ಒಂದು ಪ್ರತಿ ಯಾವ ಕಂಪ್ಯೂಟರಿಗೂ ಜೋಡಿಸಿರದ ಡಿಸ್ಕಿನಲ್ಲಿರಬೇಕು, ಬೀಗ ಹಾಕಿ ದುಡ್ಡು ಕೇಳುವ ವೈರಸ್ ಜೋಡಿಸಿದ ಡಿಸ್ಕುಗಳನ್ನೂ ಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಮರಳಿ ತೆರೆದು ಹಿಂದಿನ ವರ್ಷದ ಒಬ್ಬ ವಿದ್ಯಾರ್ಥಿಯ ಅಂಕ, ಶುಲ್ಕ ಹುಡುಕಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ಇದಕ್ಕಿಂತ ಬೇಗ ಕೈಕೊಡುವುದು ಒಟಿಪಿ. ವಿದ್ಯಾರ್ಥಿವೇತನದ ಮಹಾಡಿಬಿಟಿ ಪೋರ್ಟಲ್, ಸಂಬಳದ ಸೇವಾರ್ಥ ಪೋರ್ಟಲ್, ಪಿಎಫ್, ಬ್ಯಾಂಕು, ಇವುಗಳ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ನಿವೃತ್ತರಾದ ಗುಮಾಸ್ತರ ಸಂಖ್ಯೆಗೇ ಇನ್ನೂ ಹೋಗುತ್ತಿರುವ ಕಾಲೇಜುಗಳಿವೆ. ಕಾಲೇಜಿನ ಹೆಸರಿನಲ್ಲೇ ಸಿಮ್ ಕೊಳ್ಳಿ, ಫೋನ್ ಕಚೇರಿಯಲ್ಲಿರಲಿ. ಡಿಜಿಟಲ್ ಸಹಿಯ ಟೋಕನ್ ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ, ಎರಡನೇ ಸಹಿದಾರರು ಯಾರು, ಪಾಸ್‌ವರ್ಡುಗಳೇನು ಎಂಬುದನ್ನು ಬರೆದು ಮೊಹರು ಹಾಕಿದ ಲಕೋಟೆಯಲ್ಲಿ ಬ್ಯಾಂಕ್ ಲಾಕರಿನಲ್ಲಿಡಿ.

ಪ್ರಶ್ನೆ: ನಮ್ಮ ಫೆಸ್ಟಿವಲ್‌ಗೆ ಹೊರಗಿನ ಕಾಲೇಜಿನವರೂ ಬರುತ್ತಾರೆ. ಎಷ್ಟು ಜನಕ್ಕೆ ಪಾಸ್ ಕೊಡಬಹುದು?
(ವಿದ್ಯಾರ್ಥಿ ಪ್ರತಿನಿಧಿ, ಮಾಟುಂಗಾ)

ಹೊರಬರುವ ದಾರಿ ಎಷ್ಟು ಅಗಲ ಎಂಬುದರಿಂದ ಲೆಕ್ಕ ಶುರು ಮಾಡಿ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಜನ, ಮೆಟ್ಟಿಲಾದರೆ 65. ಒಂದೂವರೆ ಮೀಟರಿನ ಎರಡು ಗೇಟುಗಳಿದ್ದರೆ ನಿಮಿಷಕ್ಕೆ 240 ಜನ. ಆದರೆ ಒಂದು ಗೇಟು ಕೆಟ್ಟಿತು ಎಂದು ಭಾವಿಸಿ 120ಕ್ಕೇ ಲೆಕ್ಕ ಹಾಕಿ. ಎಂಟು ನಿಮಿಷದಲ್ಲಿ ಖಾಲಿಯಾಗಬೇಕಾದರೆ 960. ನಿಲ್ಲುವ ಜಾಗದಲ್ಲಿ ಚದರ ಮೀಟರಿಗೆ ನಾಲ್ವರಿಗಿಂತ ಹೆಚ್ಚು ಬೇಡ. ಎರಡು ಲೆಕ್ಕಗಳಲ್ಲಿ ಯಾವುದು ಕಡಿಮೆಯೋ ಅಷ್ಟೇ ಪಾಸ್.

2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯದ ಟೆಕ್ ಫೆಸ್ಟಿವಲ್‌ನಲ್ಲಿ ನಾಲ್ವರು ಸತ್ತರು. ಹೊರಗೆ ಕಾಯುತ್ತಿದ್ದವರು ಮಳೆ ಬಂದಾಗ ತಗ್ಗಿನ ಮೆಟ್ಟಿಲಿಳಿದು ಒಳಗೆ ನುಗ್ಗಿದರು. ಜನ ಒಳಗೆ ಬರುವಾಗಲೂ ಸಾಯುತ್ತಾರೆ ಎಂಬುದನ್ನು ನೆನಪಿಡಿ. ಗೇಟನ್ನು ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲೇ ತೆರೆಯಿರಿ, ಸಾಲಿಗೆ ನೆರಳೋ ಶೆಡ್ಡೋ ಇರಲಿ, ಮೆಟ್ಟಿಲ ತಲೆಯಲ್ಲಿ ಗೇಟು ಬೇಡ. ಸಂಗೀತ ನಿಲ್ಲಿಸುವ ಅಧಿಕಾರ ವೇದಿಕೆಯ ಪಕ್ಕ ನಿಂತ ಒಬ್ಬ ಅಧ್ಯಾಪಕರಿಗಿರಲಿ, ಮೈಕಿನ ಸ್ವಿಚ್ ಅವರ ಕೈಗೆಟುಕಲಿ.

ಪ್ರಶ್ನೆ: ನೀರು ನುಗ್ಗಿ ಉತ್ತರಪತ್ರಿಕೆಗಳೂ ವಿದ್ಯಾರ್ಥಿಗಳ ದಾಖಲಾತಿಯ ಹಳೆಯ ಜನರಲ್ ರಿಜಿಸ್ಟರುಗಳೂ ನೆನೆದರೆ ಬಿಸಿಲಿಗೆ ಹಾಕಬಹುದೆ?
(ಗ್ರಂಥಪಾಲಕರು, ಸಾಯನ್)

ಬಿಸಿಲು ಬೇಡ. ಕಾಗದ ಸೊಟ್ಟಗಾಗುತ್ತದೆ, ಶಾಯಿ ಹಾರುತ್ತದೆ, ಪುಟಗಳು ಹಲಗೆಯಂತೆ ಅಂಟಿಕೊಳ್ಳುತ್ತವೆ. ಸುಮಾರು 48 ಗಂಟೆಯಲ್ಲಿ ಬೂಷ್ಟು ಹಿಡಿಯುತ್ತದೆ, ನಿಮ್ಮ ಕೈಯಲ್ಲಿರುವ ಸಮಯ ಅಷ್ಟೇ. ಕೆಲವೇ ಇದ್ದರೆ ಫ್ಯಾನಿನಡಿ, ಹತ್ತಿಪ್ಪತ್ತು ಪುಟಕ್ಕೊಂದು ಬಿಳಿ ಬ್ಲಾಟಿಂಗ್ ಕಾಗದ ಇಟ್ಟು, ಕಾಗದ ಒದ್ದೆಯಾದಂತೆಲ್ಲ ಬದಲಿಸುತ್ತಾ ಒಣಗಿಸಿ. ಅಚ್ಚಾದ ಪತ್ರಿಕೆ ಬೇಡ, ಅದರ ಶಾಯಿ ಹತ್ತುತ್ತದೆ. ನೂರಾರು ಇದ್ದರೆ ಬಿಡಿಸಲು ಹೋಗಬೇಡಿ. ಇದ್ದ ಹಾಗೆಯೇ ಹತ್ತು ಹನ್ನೆರಡರ ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪೆನ್ಸಿಲಿನಲ್ಲಿ ಬರೆದ ಚೀಟಿ ಸೇರಿಸಿ, ಡೀಪ್ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಆಮೇಲೆ ಒಂದೊಂದೇ ಕಟ್ಟು ತೆಗೆದು ಒಣಗಿಸಬಹುದು. ಸಸೂನ್ ಡಾಕಿನ ಕಡೆಯ ಮೀನಿನ ಕೋಲ್ಡ್ ಸ್ಟೋರೇಜಿಗೆ ಬೇಡ, ವಾಶಿಯ ಹಣ್ಣಿನ ಅಥವಾ ಐಸ್‌ಕ್ರೀಮಿನ ಕೋಲ್ಡ್ ಸ್ಟೋರೇಜಿನವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ಶೂನ್ಯಕ್ಕಿಂತ ಕೆಳಗಿನ ಕೋಣೆ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಉತ್ತರಪತ್ರಿಕೆಗಳನ್ನು ಹೊರಗೆ ಸಾಗಿಸುವಾಗ ಪರೀಕ್ಷಾ ವಿಭಾಗದ ಒಬ್ಬರು ಜೊತೆಗಿದ್ದು ಪ್ರತಿ ಚೀಲದ ಸಂಖ್ಯೆಗೆ ಸಹಿ ಹಾಕಬೇಕು.

ಜನರಲ್ ರಿಜಿಸ್ಟರ್‌ಗಳನ್ನು ಈ ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿಸಿ. ಕಪಾಟಿನ ಕೆಳಗಿನ ಎರಡು ಅರೆಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಬಿಡಿ.